ಮ್ಯೂಟ್ ಮಾಡಿ ನೋಡೋಣ: ಟೀವಿ, ರಾಜಕೀಯ ಮತ್ತು ಕೆಲವು ಪುಟ್ಟ ಸಿನಿಮಾಗಳು

(ಬಳ್ಳಾರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಿನಿಮಾ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ನೀವು ನೋಡಿದ ಸಿನಿಮಾದಲ್ಲಿ ನಟರಿಲ್ಲ, ಕಥೆ ಇಲ್ಲ. ಒಂದು ನೀಲಿ ಪರದೆ, ಅದರ ಮೇಲೆ ಕೆಳಗಿಂದ ಮೇಲಕ್ಕೆ ಸರಿಯೋ ಇಂಗ್ಲಿಷ್ ಸಾಲುಗಳು, ಅಷ್ಟೇ. ಹಿಂದೆ ದೊಡ್ಡ ಅಂಗಡಿಗಳಲ್ಲಿ ಹಾಕ್ತಾರಲ್ಲ, ಅಂಥ ಮೆತ್ತಗಿನ ಸಂಗೀತ. ಸುಮಾರು ಆರು ನಿಮಿಷಕ್ಕೆ ಮುಗೀತು. ಎರಡನೇ ಸಾಲಲ್ಲಿ ಕೂತಿರೋ ಒಬ್ಬರು, "ಸರ್, ಟೈಟಲ್ ಮುಗೀತು, ಪಿಕ್ಚರ್ ಯಾವಾಗ ಶುರು?" ಅಂತ ಕೇಳಿದರು. ಪಿಕ್ಚರ್ ಅದೇ.

ಅದರ ಹೆಸರು 'ಟೆಲಿವಿಷನ್ ಡೆಲಿವರ್ಸ್ ಪೀಪಲ್'. ರಿಚರ್ಡ್ ಸೆರಾ ಮತ್ತು ಕಾರ್ಲೋಟಾ ಫೇ ಸ್ಕೂಲ್‌ಮನ್ 1973ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಸೆರಾ ದೊಡ್ಡ ದೊಡ್ಡ ಉಕ್ಕಿನ ಹಾಳೆಗಳ ಶಿಲ್ಪಕ್ಕೆ ಹೆಸರಾದವರು. ಉಕ್ಕಿನ ಕಾರ್ಖಾನೆ ಇರೋ ತೋರಣಗಲ್ಲಿನ ಕಡೆಯಿಂದ ಬಂದವರಿಗೆ ಉಕ್ಕಿನ ಹಾಳೆಯ ತೂಕ ನಾನು ಹೇಳಬೇಕಿಲ್ಲ. ಅಷ್ಟು ಭಾರದ ಜೊತೆ ಗುದ್ದಾಡಿದ ಮನುಷ್ಯ ಬರೀ ಅಕ್ಷರದಲ್ಲಿ ಒಂದು ಸಿನಿಮಾ ಮಾಡಿದರು ಅನ್ನೋದು ನನಗೆ ಯಾವತ್ತೂ ಇಷ್ಟವಾದ ಸಂಗತಿ.

ಆ ಸಾಲುಗಳು ಹೇಳೋದು ಏನು? ಟೀವಿ ನಮಗೆ ಕಾರ್ಯಕ್ರಮ ಕೊಡುತ್ತೆ, ನಡುವೆ ಜಾಹೀರಾತು ಬರುತ್ತೆ ಅಂತ ನಾವು ಅಂದುಕೊಂಡಿದ್ದೇವೆ. ಸಿನಿಮಾ ಇದನ್ನ ತಿರುಗಿಸಿ ಹಾಕುತ್ತೆ. ಗಿರಾಕಿ ನಾವಲ್ಲ, ಜಾಹೀರಾತು ಕೊಡೋ ಕಂಪನಿ. ನಾವು ಸರಕು. ನಮ್ಮನ್ನ ಗುಂಪು ಗುಂಪಾಗಿ ಕಟ್ಟಿ ಕಂಪನಿಗೆ ತಲುಪಿಸೋದೇ ಟೀವಿಯ ವ್ಯಾಪಾರ. ಕಾರ್ಯಕ್ರಮ ಇರೋದು ನಾವು ಎದ್ದು ಹೋಗದೆ ಇರಲಿ ಅಂತ.

ಮಾತು ಈಗ ಎಲ್ಲರಿಗೂ ಗೊತ್ತು ಅನಿಸಬಹುದು. ಆದರೆ ಅದನ್ನ ಹೇಳಿದ ರೀತಿ ನೋಡಿ. ಓದೋಕೆ ಶುರು ಮಾಡಿದಾಗ ನೀವು ಎಚ್ಚರವಾಗಿರ್ತೀರಿ. ಒಂದು ನಿಮಿಷ ಆದಮೇಲೆ ಆ ಸಂಗೀತ ಒಳಗೆ ಇಳಿಯುತ್ತೆ. ಮೂರನೇ ನಿಮಿಷಕ್ಕೆ ಕಣ್ಣು ಸಾಲನ್ನ ಹಿಂಬಾಲಿಸ್ತಾ ಇರುತ್ತೆ, ತಲೆ ಎಲ್ಲೋ ಇರುತ್ತೆ. ನಿಮಗೆ ಬೇಕಾದಾಗ ನಿಲ್ಲಿಸಿ ಓದೋ ಹಾಗಿಲ್ಲ. ವೇಗ ಅವರದ್ದು, ಕಣ್ಣು ನಿಮ್ಮದು. "ನೀನು ಮಾರಾಟದ ಸರಕು" ಅಂತ ಮುಖಕ್ಕೆ ಹೇಳ್ತಾ ಇದ್ದರೂ ನೀವು ಸುಮ್ನೆ ಕೂತು ನೋಡ್ತೀರಿ. ಅಂದರೆ ಆ ಸಿನಿಮಾ ತಾನು ಹೇಳಿದ್ದನ್ನ ನಿಮ್ಮ ಮೇಲೇ ಮಾಡಿ ತೋರಿಸಿಬಿಟ್ಟಿತು. ಈ ಬಗೆಯ ಸಿನಿಮಾಗಳ ಶಕ್ತಿ ಇರೋದು ಇಲ್ಲಿ. ಅವು ಟೀವಿಯ ಜೊತೆ ವಾದ ಮಾಡಲ್ಲ. ಟೀವಿಯ ಒಂದು ಬಿಡಿಭಾಗ ಬಿಚ್ಚಿ ಮೇಜಿನ ಮೇಲೆ ಇಡ್ತವೆ.

ಇವತ್ತಿನ ನನ್ನ ಮಾತು ಇಷ್ಟೇ. ಟೀವಿ ನಮ್ಮ ರಾಜಕೀಯ ಅಭಿಪ್ರಾಯವನ್ನ ತಿದ್ದೋದು ಸುಳ್ಳು ಹೇಳಿ ಮಾತ್ರ ಅಂದುಕೊಂಡರೆ ಅರ್ಧ ಮಾತ್ರ ಕಂಡ ಹಾಗೆ. ಯಾರನ್ನ ಎಲ್ಲಿ ಕೂರಿಸ್ತಾರೆ, ಯಾವ ದೃಶ್ಯ ಎಷ್ಟು ಸಲ ಬರುತ್ತೆ, ಎಲ್ಲಿ ಕತ್ತರಿಸ್ತಾರೆ, ಕೆಲಸ ನಡೆಯೋದು ಜಾಸ್ತಿ ಅಲ್ಲಿ. ಸುಳ್ಳು ಹಿಡಿಯೋಕೆ ಫ್ಯಾಕ್ಟ್ ಚೆಕ್ ಇದೆ. ಜೋಡಣೆ ಹಿಡಿಯೋಕೆ ಇಂಥ ಪುಟ್ಟ ಸಿನಿಮಾ ಬೇಕು.

ನಮ್ಮ ಭಾಗಕ್ಕೂ ಟೀವಿಗೂ ಇರೋ ನಂಟು ಬೆಂಗಳೂರಿನದಕ್ಕಿಂತ ಹಳೇದು, ಗೊತ್ತಾ? ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಟೀವಿ ಹತ್ತಿದ್ದು 1975ರ ಆಗಸ್ಟ್ 1ಕ್ಕೆ. 'ಸೈಟ್' ಅಂತ ಕರೀತಿದ್ದ ಉಪಗ್ರಹ ಪ್ರಯೋಗ ಅದು. ನಾಸಾದವರ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷಕ್ಕೆ ಪಡೆದು ಇಸ್ರೋ ಮತ್ತು ದೂರದರ್ಶನದವರು ನಡೆಸಿದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು. ಕೊಪ್ಪಳ ಆಗ ರಾಯಚೂರಿನ ಒಳಗೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಬಳ್ಳಾರಿಯವರು ಈ ವಿಷಯದಲ್ಲಿ ಸ್ವಲ್ಪ ಹಿಂದೆ ಬಿದ್ದಿರಿ, ಬೇಜಾರಾಗಬೇಡಿ.

ಊರಿಗೊಂದು ಸೆಟ್, ಎಲ್ಲರೂ ಸೇರೋ ಜಾಗದಲ್ಲಿ. ಹೊರಗೆ ಕೋಳಿಗೂಡಿಗೆ ಹಾಕೋ ತಂತಿ ಬಲೆಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕನ್ನಡದ ಕಾರ್ಯಕ್ರಮ ತಯಾರಾಗ್ತಿದ್ದದ್ದು ಹೈದರಾಬಾದಿನಲ್ಲಿ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ದೆಹಲಿಯಿಂದ ಹಿಂದಿಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿದ ಒಂದು ಭಾಗ. ಕೆಲವು ಹಳ್ಳಿಗಳಲ್ಲಿ ಸಂಶೋಧಕರು ಉಳಿದುಕೊಂಡು, ಟೀವಿ ನೋಡೋ ಜನರನ್ನ ನೋಡ್ತಾ ಟಿಪ್ಪಣಿ ಬರೆದುಕೊಂಡರು.

ತಾರೀಖು ಇನ್ನೊಂದು ಸಲ ನೋಡಿ. ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದು 1975ರ ಜೂನ್ 25ರ ರಾತ್ರಿ. ಐದು ವಾರ ಕಳೆದು ಈ ಹಳ್ಳಿಗಳಿಗೆ ಟೀವಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಿದ್ದಿತ್ತು, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ಬಿತ್ತನೆ ಬೀಜದ ಬಗ್ಗೆ ಆ ಪೆಟ್ಟಿಗೆ ಹೇಳಿದ್ದು ನಿಜವೇ ಇರಬಹುದು, ಮಗುವಿಗೆ ಚುಚ್ಚುಮದ್ದು ಹಾಕಿಸಿ ಅಂದಿದ್ದೂ ಒಳ್ಳೆಯದೇ. ಆದರೆ ಮೊದಲ ಸಲ ಟೀವಿಯಲ್ಲಿ ದೇಶ ನೋಡಿದ ಆ ಜನ ನೋಡಿದ್ದು ಕತ್ತರಿಸಿದ ದೇಶವನ್ನ. ಏನು ಬರಲಿಲ್ಲ ಅಂತ ಕೇಳೋಕೆ ಅವರಿಗೆ ದಾರಿ ಇರಲಿಲ್ಲ. ಪೆಟ್ಟಿಗೆ ಮಾತಾಡುತ್ತೆ, ಕೇಳಿಸಿಕೊಳ್ಳಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗೀತು.

ಅದೇ ಕಾಲದ ಇನ್ನೊಂದು ಪ್ರಸಂಗ ತುಂಬಾ ಜನ ಹೇಳ್ತಾರೆ. 1977ರ ಫೆಬ್ರವರಿಯಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರು ಮತ್ತು ವಿರೋಧ ಪಕ್ಷದವರ ಸಭೆ. ಅದೇ ಭಾನುವಾರ ಸಂಜೆ ದೂರದರ್ಶನ 'ಬಾಬಿ' ಸಿನಿಮಾ ಹಾಕಿತು. ಜನ ಮನೆಯಲ್ಲೇ ಕೂರಲಿ ಅಂತ. ಜನ ಮೈದಾನಕ್ಕೇ ಹೋದರು ಅನ್ನಿ. ಆದರೂ 'ಬಾಬಿ'ಯಲ್ಲಿ ಒಂದು ಅಕ್ಷರ ರಾಜಕೀಯ ಇದೆಯಾ? ಇಲ್ಲ. ಹಾಕಿದ ಹೊತ್ತಿನಲ್ಲಿ ಇತ್ತು.

ಅಮೆರಿಕಕ್ಕೆ ವಾಪಸ್ ಹೋಗೋಣ. ಆಂಟೋನಿ ಮುಂಟಾಡಾಸ್ ಮತ್ತು ಮಾರ್ಷಲ್ ರೀಸ್ ಅನ್ನೋ ಇಬ್ಬರು ಕಲಾವಿದರು 1984ರಲ್ಲಿ 'ಪೊಲಿಟಿಕಲ್ ಅಡ್ವರ್ಟೈಸ್‌ಮೆಂಟ್' ಅಂತ ಒಂದು ವಿಡಿಯೋ ಮಾಡಿದರು. 1950ರ ದಶಕದಿಂದ ಆವರೆಗಿನ ಅಧ್ಯಕ್ಷ ಚುನಾವಣೆಯ ಟೀವಿ ಜಾಹೀರಾತುಗಳನ್ನ ಕಾಲದ ಕ್ರಮದಲ್ಲಿ ಒಂದರ ಹಿಂದೆ ಒಂದು ಜೋಡಿಸಿದರು. ವಿವರಣೆ ಇಲ್ಲ, ವಾಯ್ಸ್‌ಓವರ್ ಇಲ್ಲ. ಆಮೇಲೆ ಪ್ರತಿ ನಾಲ್ಕು ವರ್ಷಕ್ಕೊಮ್ಮೆ, ಚುನಾವಣೆ ಬಂದಾಗೆಲ್ಲ ಹೊಸದನ್ನ ಸೇರಿಸ್ತಾ ಹೋದರು. ಈಗ ಅದು ಪುಟ್ಟದಾಗಿ ಉಳಿದಿಲ್ಲ, ಗಂಟೆ ದಾಟಿದೆ. ಒಂದೇ ಜಾಹೀರಾತು ನೋಡಿದರೆ ಅಭ್ಯರ್ಥಿ ಕಾಣ್ತಾನೆ. ಸಾಲಾಗಿ ನೋಡಿದರೆ ಅಭ್ಯರ್ಥಿ ಮಾಯವಾಗಿ ಅಚ್ಚು ಕಾಣುತ್ತೆ: ಬಾವುಟ, ಗದ್ದೆ, ಮಗು ಎತ್ತಿಕೊಂಡ ನಾಯಕ, ಆಮೇಲೆ ಭಯ ಹುಟ್ಟಿಸೋ ಕಪ್ಪು ಬಿಳುಪು ದೃಶ್ಯ.

ಆ ಕಾಲದ ಒಂದು ಸರಣಿಯ ಕಥೆ ಹೇಳಲೇಬೇಕು. 1952ರಲ್ಲಿ ಸೇನೆಯ ಜನರಲ್ ಆಗಿದ್ದ ಐಸೆನ್‌ಹೋವರ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ರಾಸರ್ ರೀವ್ಸ್ ಅನ್ನೋ ಜಾಹೀರಾತು ತಜ್ಞರು ಪುಟ್ಟ ಪುಟ್ಟ ಪ್ರಶ್ನೋತ್ತರ ಮಾಡಿಸಿದರು. ಒಬ್ಬ ಸಾಮಾನ್ಯ ಮನುಷ್ಯ ಬೆಲೆ ಏರಿಕೆ ಬಗ್ಗೆ ಕೇಳ್ತಾನೆ, ಜನರಲ್ ಸಾಹೇಬರು ಖಡಕ್ಕಾಗಿ ಉತ್ತರ ಕೊಡ್ತಾರೆ. ನಡೆದದ್ದು ಏನಪ್ಪಾ ಅಂದರೆ, ಉತ್ತರಗಳನ್ನ ಮೊದಲು ಸ್ಟುಡಿಯೋದಲ್ಲಿ ಒಂದೇ ಪಟ್ಟಿಗೆ ಚಿತ್ರಿಸಿ ಮುಗಿಸಿದ್ದರು. ಪ್ರಶ್ನೆ ಕೇಳೋ ಜನರನ್ನ ಆಮೇಲೆ ಹುಡುಕಿ ತಂದು ಬೇರೆಯಾಗಿ ಚಿತ್ರಿಸಿದರು. ಇಬ್ಬರೂ ಎದುರುಬದುರು ಆಗೇ ಇಲ್ಲ. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಇವತ್ತಿನ ಎಷ್ಟು ಸಂದರ್ಶನಗಳಲ್ಲಿ ಇದೇ ಕ್ರಮ ಇದೆ ಅಂತ ನೀವೇ ಯೋಚನೆ ಮಾಡಿ.

ಇನ್ನೊಂದನ್ನ ಬೇಗ ಹೇಳಿ ಮುಂದೆ ಹೋಗ್ತೀನಿ. ಓಮರ್ ಫಾಸ್ಟ್ 2002ರಲ್ಲಿ ಮಾಡಿದ 'ಸಿಎನ್‌ಎನ್ ಕಾಂಕಾಟನೇಟೆಡ್', 18 ನಿಮಿಷ. ಸಿಎನ್‌ಎನ್ ಅನ್ನೋ ಅಮೆರಿಕದ ಚಾನೆಲ್‌ನಲ್ಲಿ ಸುದ್ದಿ ಓದುವವರ ಬಾಯಿಂದ ಒಂದೊಂದೇ ಪದ ಕತ್ತರಿಸಿ, ಹೊಸ ವಾಕ್ಯ ಕಟ್ಟಿದ್ದಾರೆ. ಪದಕ್ಕೊಂದು ಮುಖ, ಪದಕ್ಕೊಂದು ಟೈ. ಸುದ್ದಿಯೇ ಇಲ್ಲ ಅಲ್ಲಿ. ಆ ಎಲ್ಲ ಮುಖಗಳೂ ಸೇರಿ ನೋಡುಗನ ಹತ್ತಿರ ಬಂದು ಆಪ್ತವಾಗಿ, ಕಾಟ ಕೊಡೋ ಹಾಗೆ ಮಾತಾಡ್ತವೆ. ಕನ್ನಡದಲ್ಲಿ ಹೀಗೆ ಪದ ಕತ್ತರಿಸೋದು ಕಷ್ಟ, ನಮ್ಮ ಪದಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ. ಆದರೆ ನಮ್ಮ ಚಾನೆಲ್‌ಗಳು ಇಡೀ ವಾಕ್ಯಗಳನ್ನೇ ದಿನಾ ವಾಪಸ್ ಬಳಸ್ತವೆ, ಹಾಗಾಗಿ ಕಚ್ಚಾಮಾಲಿಗೆ ಬರ ಇಲ್ಲ.

ಈಗ ನಾವು ಇಲ್ಲೇ ಮಾಡಿದ ಕಸರತ್ತಿಗೆ ಬರೋಣ. ಒಂದು ಕನ್ನಡ ಚಾನೆಲ್‌ನ ರಾತ್ರಿ ಡಿಬೇಟಿನ ಮೂರು ನಿಮಿಷ ಹಾಕಿದೆ. ಚಾನೆಲ್ ಹೆಸರಿನ ಮೇಲೆ ಪಟ್ಟಿ ಅಂಟಿಸಿದ್ದೆ, ದನಿ ಪೂರ್ತಿ ಬಂದ್. ಮೊದಲಿಗೆ ನೀವು ನಕ್ಕಿರಿ. ದನಿ ಇಲ್ಲದ ಜಗಳ ನಗು ತರಿಸೋದು ಸಹಜ. ಆಮೇಲೆ ಒಬ್ಬೊಬ್ಬರೇ ಹೇಳೋಕೆ ಶುರು ಮಾಡಿದಿರಿ. ಆ್ಯಂಕರ್ ಇರೋ ಚೌಕ ಉಳಿದ ಎಲ್ಲದಕ್ಕಿಂತ ದೊಡ್ಡದು. ಅತಿಥಿಗಳು ಅಂಚೆಚೀಟಿ ಗಾತ್ರ. ಮುಂದೆ ಕೂತ ಅಮ್ಮ ಒಬ್ಬರು, "ಆ ಬಲಗಡೆ ಕೆಳಗಿನವರು ಬಾಯೇ ತೆರೆದಿಲ್ಲ ನೋಡ್ರಿ, ಕರೆಸಿದ್ದಾದ್ರೂ ಯಾಕ?" ಅಂದರು. ಸರಿಯಾದ ಪ್ರಶ್ನೆ. ದನಿ ಇದ್ದಿದ್ದರೆ ಯಾರೂ ಅವರ ಕಡೆ ನೋಡ್ತಿರಲಿಲ್ಲ. ಆದರೆ ಎಲ್ಲರ ಅಭಿಪ್ರಾಯವೂ ಕೇಳಿದೆವು ಅಂತ ತೋರಿಸೋಕೆ ಆ ಚೌಕ ಬೇಕು.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಎಡಗಡೆಯ ಚೌಕ. ಅಲ್ಲಿ ಒಬ್ಬ ನಾಯಕರು ಕಾರಿನಿಂದ ಇಳೀತಾರೆ. ಬಿಳಿ ಶರ್ಟಿನ ಒಬ್ಬರು ಬಾಗಿಲು ಹಿಡೀತಾರೆ, ನಾಯಕರು ಕೈ ಮುಗೀತಾರೆ, ಯಾರೋ ಹಾರ ಎತ್ತುತ್ತಾರೆ. ಹಾರ ಕೊರಳಿಗೆ ಬೀಳೋ ಮುಂಚೆ ಮತ್ತೆ ಕಾರಿನಿಂದ ಇಳೀತಾರೆ. ಮೂರು ನಿಮಿಷದಲ್ಲಿ ಆ ಹಾರ ಬೀಳಲೇ ಇಲ್ಲ. ಡಾರಾ ಬರ್ನ್‌ಬಾಮ್ ಅನ್ನೋ ಕಲಾವಿದೆ 1978–79ರಲ್ಲಿ 'ವಂಡರ್ ವುಮನ್' ಧಾರಾವಾಹಿಯ ನಾಯಕಿ ಗಿರಗಿರ ತಿರುಗಿ ರೂಪ ಬದಲಾಯಿಸೋ ದೃಶ್ಯವನ್ನ ಹೀಗೇ ಮತ್ತೆ ಮತ್ತೆ ಜೋಡಿಸಿ ಒಂದು ಪುಟ್ಟ ವಿಡಿಯೋ ಮಾಡಿದರು. ಒಂದೆರಡು ಸಲ ನೋಡಿದಾಗ ಪವಾಡ, ಹತ್ತು ಸಲ ನೋಡಿದಾಗ ಯಂತ್ರ. ಅವರು ಅದನ್ನ ಬೇಕಂತಲೇ ಮಾಡಿದರು. ನಮ್ಮ ಚಾನೆಲ್ ಬೇರೆ ವಿಷುವಲ್ ಇಲ್ಲದೆ ಮಾಡುತ್ತೆ. ಪರಿಣಾಮ ಮಾತ್ರ ಉಲ್ಟಾ: ದನಿ ಇದ್ದಾಗ ಆ ನಾಯಕರು ಸದಾ ಬರ್ತಾನೇ ಇರ್ತಾರೆ, ಜನ ಸದಾ ಸ್ವಾಗತಿಸ್ತಾನೇ ಇರ್ತಾರೆ ಅನ್ನೋ ಭಾವನೆ ತಲೆಯಲ್ಲಿ ಕೂರುತ್ತೆ.

ಇನ್ನು ನಮ್ಮ ಊರಿನ ವಿಷಯ. 1999ರ ಲೋಕಸಭಾ ಚುನಾವಣೆ. ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯಲ್ಲಿ ನಿಂತರು. ಇಲ್ಲಿ ಕೂತಿರೋ ಹಿರಿಯರಿಗೆ ಆ ದಿನಗಳ ನೆನಪು ಚೆನ್ನಾಗೇ ಇರುತ್ತೆ. ದೆಹಲಿಯ ಕ್ಯಾಮೆರಾಗಳು ಬಂದವು. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ 56 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು, ಅಮೇಥಿಯಲ್ಲೂ ಗೆದ್ದಿದ್ದರಿಂದ ಬಳ್ಳಾರಿ ಬಿಟ್ಟುಕೊಟ್ಟರು, 2000ದಲ್ಲಿ ಉಪಚುನಾವಣೆ ಬಂತು. ಯಾರು ಸರಿ ಯಾರು ತಪ್ಪು ಅನ್ನೋ ಚರ್ಚೆ ನನ್ನದಲ್ಲ. ನಾನು ಕೇಳೋದು ಬೇರೆ. ದೇಶದ ಟೀವಿ ಅದನ್ನ ಮಗಳು ಮತ್ತು ಸೊಸೆಯ ಕಥೆ ಮಾಡಿತು. ಆ ಕಥೆಯಲ್ಲಿ ಬಳ್ಳಾರಿ ಏನಾಗಿತ್ತು? ಹಿಂದಿನ ಪರದೆ.

ಹಾಗಾಗಿ ನಿಮಗೊಂದು ಕೆಲಸ. ಹಳೆಯದೋ ಹೊಸದೋ, ಯಾವುದಾದರೂ ಪ್ರಚಾರದ ಕ್ಲಿಪ್ ತಗೊಳ್ಳಿ. ಮೊಬೈಲಿನ ಎಡಿಟಿಂಗ್ ಆ್ಯಪ್‌ನಲ್ಲಿ ಕ್ರಾಪ್ ಮಾಡಿ ನಾಯಕರನ್ನ ಚೌಕಟ್ಟಿನಿಂದ ಹೊರಗೆ ಹಾಕಿ. ಹಿಂದೆ ನಿಂತವರನ್ನ ಮಾತ್ರ ಉಳಿಸಿಕೊಳ್ಳಿ. ಏನು ಸಿಗುತ್ತೆ? ಕ್ಯಾಮೆರಾಕ್ಕೆ ಕೈ ಬೀಸೋ ಹುಡುಗ. ಬಿಸಿಲಿಗೆ ಸೆರಗು ಹೊದ್ದುಕೊಂಡು ಬೇರೆ ಕಡೆ ನೋಡ್ತಿರೋ ಹೆಂಗಸು. ಯಾರೋ ಸನ್ನೆ ಮಾಡಿದ ತಕ್ಷಣ ಚಪ್ಪಾಳೆ ಶುರು ಮಾಡೋ ಗುಂಪು. ಸನ್ನೆ ಮಾಡಿದ ಮನುಷ್ಯ ಕೂಡ ಅಂಚಿನಲ್ಲಿ ಸಿಗ್ತಾನೆ, ಹುಡುಕಿ. ಮೂರ್ನಾಲ್ಕು ನಿಮಿಷದ ಇಂಥದ್ದೊಂದು ಸಿನಿಮಾ ನಮ್ಮ ಜಿಲ್ಲೆಯ ಬಗ್ಗೆ ಹೇಳೋದು ಜಾಸ್ತಿ.

ಈ ಹಿಂದಿನ ಜನ ಮುಂದೆ ಬಂದುಬಿಟ್ಟರೆ? ಅದಕ್ಕೂ ಒಂದು ಸಿನಿಮಾ ಇದೆ, ಪುಟ್ಟದಲ್ಲ, ಪೂರ್ತಿ ಉದ್ದದ್ದು. ಹರುನ್ ಫರೋಕಿ ಮತ್ತು ಆಂಡ್ರೆ ಉಜಿಕಾ 1992ರಲ್ಲಿ ಮಾಡಿದ 'ವಿಡಿಯೋಗ್ರಾಮ್ಸ್ ಆಫ್ ಎ ರೆವಲ್ಯೂಷನ್'. 1989ರ ಡಿಸೆಂಬರ್ 21, ರುಮೇನಿಯಾದ ಬುಕಾರೆಸ್ಟ್. ಆ ದೇಶ ಆಳ್ತಿದ್ದ ಸರ್ವಾಧಿಕಾರಿ ಚೌಶೆಸ್ಕು ಬಾಲ್ಕನಿಯಲ್ಲಿ ನಿಂತು ಭಾಷಣ ಮಾಡ್ತಿದ್ದಾರೆ, ನೇರ ಪ್ರಸಾರ. ಜನರ ಮಧ್ಯೆ ಏನೋ ಗದ್ದಲ. ಭಾಷಣ ನಿಂತಿತು, ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು. ಚಿತ್ರ ಅಲುಗಾಡಿತು, ಪ್ರಸಾರ ಕಡಿದುಹೋಯಿತು. ಮನೆಯಲ್ಲಿ ಕೂತವರಿಗೆ ಗದ್ದಲ ಕಾಣಲಿಲ್ಲ. ಆದರೆ ಪ್ರಸಾರ ಕಡಿದದ್ದು ಕಾಣಿಸಿತು, ಅಷ್ಟೇ ಸಾಕಾಯಿತು. ಮರುದಿನ ಜನ ಟೀವಿ ಸ್ಟುಡಿಯೋಗೇ ನುಗ್ಗಿದರು. ಡಿಸೆಂಬರ್ 25ಕ್ಕೆ ಚೌಶೆಸ್ಕು ದಂಪತಿಗೆ ಗುಂಡಿಕ್ಕಿದರು. ಫರೋಕಿ ಮತ್ತು ಉಜಿಕಾ ಮಾಡಿದ್ದು ಇಷ್ಟು: ಆ ದಿನಗಳಲ್ಲಿ ಬೇರೆ ಬೇರೆ ಕ್ಯಾಮೆರಾಗಳು ಹಿಡಿದದ್ದನ್ನ ಕೂಡಿಸಿ, ಪ್ರಸಾರವಾಗಿದ್ದು ಮತ್ತು ಆಗದೆ ಉಳಿದದ್ದು ಎರಡನ್ನೂ ಪಕ್ಕಪಕ್ಕ ಇಟ್ಟರು.

ಇದೆಲ್ಲ ಹೊರಗಿನವರ ಜಾಣತನ, ನಮಗೆ ಹೊಸದು ಅಂತ ಅಂದುಕೊಳ್ಳಬೇಡಿ. ನಮ್ಮ ಭಾಗದ ತೊಗಲು ಗೊಂಬೆಯಾಟ ನೋಡಿದವರಿಗೆ ಇದು ಗೊತ್ತಿರೋ ಆಟವೇ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗೆ 2025ರಲ್ಲಿ ಪದ್ಮಶ್ರೀ ಬಂತು. ಪರದೆ, ಹಿಂದೆ ದೀಪ, ರಾಮಾಯಣ ನಡೀತಿದೆ. ನಡುವೆ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ನುಗ್ಗಿಬರ್ತಾರೆ. ರಾವಣನ ಆಸ್ಥಾನ ಬಿಟ್ಟು ಊರಿನ ಗೌಡನ ಸುದ್ದಿ, ಜಿಪುಣ ಸಾಹುಕಾರನ ಸುದ್ದಿ. ಪರದೆಯ ಒಳಗಿದ್ದುಕೊಂಡೇ ಪರದೆಯ ಗಾಂಭೀರ್ಯ ಕೆಡಿಸ್ತಾರೆ. ಡೇವಿಡ್ ಹಾಲ್ ಅನ್ನೋ ಬ್ರಿಟಿಷ್ ಕಲಾವಿದ 1971ರಲ್ಲಿ ಸ್ಕಾಟಿಷ್ ಟೀವಿಯಲ್ಲಿ ಮಾಡಿದ್ದೂ ಇದೇ. ಕಾರ್ಯಕ್ರಮಗಳ ನಡುವೆ ಯಾವ ಮುನ್ಸೂಚನೆಯೂ ಇಲ್ಲದೆ ಪುಟ್ಟ ಪುಟ್ಟ ಚಿತ್ರಗಳು. ಒಂದರಲ್ಲಿ ನಲ್ಲಿ ಬಿಟ್ಟ ನೀರು ನಿಧಾನಕ್ಕೆ ಟೀವಿ ಪರದೆಯನ್ನೇ ತುಂಬಿಕೊಳ್ಳುತ್ತೆ. ಈ ಚಿತ್ರಗಳು ಏನು, ಯಾಕೆ ಅಂತ ಯಾರೂ ಹೇಳಲಿಲ್ಲ. ನನ್ನನ್ನ ಕೇಳಿದರೆ ಕಿಳ್ಳೇಕ್ಯಾತನೇ ಒಂದು ಕೈ ಮೇಲು, ಅವನು ನಗಿಸ್ತಾನೆ ಕೂಡ.

ಪ್ರಶ್ನೆಗೆ ಮುಂಚೆ ಇನ್ನೊಂದು ಐಡಿಯಾ ಕೊಟ್ಟುಬಿಡ್ತೀನಿ, ಯಾರಾದರೂ ಮಾಡಿ. ಮತದಾನ ಮುಗಿಯೋ ಹೊತ್ತಿಗೆ ಹಿಂದಿನ 48 ಗಂಟೆ ಆ ಕ್ಷೇತ್ರದಲ್ಲಿ ಬಹಿರಂಗ ಪ್ರಚಾರ ಇಲ್ಲ. ಜನತಾ ಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ ಅದು, ಟೀವಿಯಲ್ಲಿ ಚುನಾವಣಾ ವಿಷಯ ತೋರಿಸೋದಕ್ಕೂ ತಡೆ ಹೇಳುತ್ತೆ. ಆದರೆ ಚುನಾವಣೆ ಹಲವು ಹಂತಗಳಲ್ಲಿ ನಡೆದಾಗ ಏನಾಗುತ್ತೆ? 2024ರ ಮೇ 7ಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಮತದಾನ. ಇಲ್ಲಿ ಮೈಕ್ ಬಂದ್. ಮುಂದಿನ ಹಂತದ ರಾಜ್ಯಗಳಲ್ಲಿ ರ‍್ಯಾಲಿ ಜೋರು, ಅದು ಟೀವಿಯಲ್ಲಿ ಮನೆಯೊಳಗೆ ಬರುತ್ತೆ. ಇದಕ್ಕೆ ವಾಯ್ಸ್‌ಓವರ್ ಯಾಕೆ ಬೇಕು? ಸದ್ದಿಲ್ಲದ ಬೀದಿಯಲ್ಲಿ ಕ್ಯಾಮೆರಾ ಹಿಡ್ಕೊಂಡು ನಡೀರಿ, ತೆರೆದ ಬಾಗಿಲುಗಳಿಂದ ಬರೋ ಟೀವಿ ದನಿ ರೆಕಾರ್ಡ್ ಮಾಡಿ. ಒಂದು ಬೀದಿ, ಒಂದೇ ಶಾಟ್.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: "ಸರ್, ನಮ್ಮ ವಯಸ್ಸಿನವರು ಟೀವಿ ನೋಡೋದೇ ಇಲ್ಲ. ಎಲ್ಲಾ ರೀಲ್ಸ್. 1973ರ ಸಿನಿಮಾ ನಮಗ್ಯಾಕೆ?"

ಯಾಕಂದರೆ ಅದರ ಮಾತು ನಿಮ್ಮ ಮೊಬೈಲಿಗೇ ಹೆಚ್ಚು ಒಪ್ಪುತ್ತೆ. ಟೀವಿಯವರು ಹತ್ತಾರು ಸಾವಿರ ಮನೆಗಳಲ್ಲಿ ಮೀಟರ್ ಇಟ್ಟು, ಅದರಿಂದ ಇಡೀ ದೇಶದ ಟಿಆರ್‌ಪಿ ಲೆಕ್ಕ ಹಾಕ್ತಾರೆ. ಮೊಬೈಲಿನಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಮೀಟರ್ ಇದೆ. ಎಲ್ಲಿ ಬೆರಳು ನಿಂತಿತು, ಎಲ್ಲಿ ಸರೀತು, ಎಲ್ಲದರ ಲೆಕ್ಕ. ಇನ್ನೊಂದು ವಿಷಯ, ರಾಜಕೀಯದ ರೀಲ್ಸ್‌ನಲ್ಲಿ ಅರ್ಧಕ್ಕರ್ಧ ಟೀವಿ ಡಿಬೇಟಿನ ತುಂಡುಗಳೇ ಅಲ್ವಾ? ಸಿನಿಮಾ ಹಾಡಿನ ಬಿಜಿಎಂ ಹಾಕಿ, ನಿಧಾನ ಮಾಡಿ, ಕನ್ನಡಕ ಹಾಕಿಸಿರ್ತಾರೆ. ಕತ್ತರಿಸಿ ಜೋಡಿಸೋ ಕೆಲಸವನ್ನ ಈ ಕಲಾವಿದರಿಗಿಂತ ಚೆನ್ನಾಗಿ ಪಕ್ಷಗಳ ಸೋಷಿಯಲ್ ಮೀಡಿಯಾ ಹುಡುಗರು ಮಾಡ್ತಾ ಇದ್ದಾರೆ. ಒಂದೇ ವ್ಯತ್ಯಾಸ: ಅವರು ಹೊಲಿಗೆ ಕಾಣದ ಹಾಗೆ ಮಾಡ್ತಾರೆ, ಇವರು ಹೊಲಿಗೆಯನ್ನೇ ತೋರಿಸ್ತಾರೆ.

ಇನ್ನೊಬ್ಬರದು: "ಚಾನೆಲ್ ಕ್ಲಿಪ್ ಬಳಸಿದರೆ ಕೇಸ್ ಹಾಕಲ್ವಾ?"

ಕಾಪಿರೈಟ್ ಕಾಯ್ದೆಯ 52ನೇ ಕಲಂ ವಿಮರ್ಶೆಗೆ ನ್ಯಾಯವಾದ ಬಳಕೆ ಮಾಡೋಕೆ ಜಾಗ ಕೊಡುತ್ತೆ. ಎಷ್ಟು ಬಳಸಿದಿರಿ, ಯಾಕೆ ಬಳಸಿದಿರಿ ಅನ್ನೋದರ ಮೇಲೆ ಅದು ನಿಲ್ಲುತ್ತೆ, ಹಾಗಾಗಿ ಬೇಕಾದಷ್ಟೇ ತಗೊಳ್ಳಿ. ಯೂಟ್ಯೂಬ್‌ನಲ್ಲಿ ಮಾತ್ರ ಯಂತ್ರವೇ ಕ್ಲಿಪ್ ಗುರುತಿಸಿ ವಿಡಿಯೋ ತಡೆಯಬಹುದು, ಅದಕ್ಕೆ ತಯಾರಾಗಿರಿ. ಪ್ರತಿ ತುಂಡಿಗೂ ಚಾನೆಲ್, ತಾರೀಖು, ಪ್ರಸಾರವಾದ ಹೊತ್ತು ಬರೆದಿಟ್ಟುಕೊಳ್ಳಿ. ಕತ್ತರಿಸುವ ಮುಂಚಿನ ಪೂರ್ತಿ ಫೈಲ್ ಅಳಿಸಬೇಡಿ, ನಾಳೆ ಯಾರಾದರೂ ತಿರುಚಿದ್ದೀರಿ ಅಂದರೆ ತೋರಿಸೋಕೆ ಬೇಕು. ಎಐನಿಂದ ಯಾರ ಬಾಯಿಗೂ ಮಾತು ತುರುಕಬೇಡಿ, ಅದು ಬೇರೆಯೇ ಆಟ, ಅದರಲ್ಲಿ ನೀವೂ ಅವರ ಸಾಲಿಗೇ ಸೇರ್ತೀರಿ. ಆರು ನಿಮಿಷ ಮೀರಬೇಡಿ. ಮಾಡಿದವರು ಪೆನ್‌ಡ್ರೈವ್‌ನಲ್ಲಿ ತಗೊಂಡು ಬನ್ನಿ, ಎಲ್ಲರೂ ಕೂತು ನೋಡೋಣ.